ಹಿತ್ತಲ ಬಾಗಿಲಿನ ಬಡಿಗೇರ

ಕೊಲ್ಲಿ ನಾಡಿನ ಅಲ್ ವಕ್ರಾ ಪಟ್ಟಣ ದಾಟಿ, ಹಮದ್ ಬಂದರಿನ ಕ್ರೇನುಗಳೂ ಕಣ್ಣಿಗೆ ಮರೆಯಾದ ಮೇಲೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಮರಳಿನ ಜಾಡು, ತಂತಿಬೇಲಿ, ಬೇಲಿಯೊಳಗೆ ಖರ್ಜೂರದ ತೋಟ. ಸೂರ್ಯ ಇನ್ನೂ ಬೇಲಿಯ ಮಟ್ಟಕ್ಕೂ ಏರಿಲ್ಲ. ತೋಟದ ಮೂಲೆಯಲ್ಲಿ ನಿಲ್ಲಿಸಿರುವ ತಗಡಿನ ಕ್ಯಾಬಿನ್ನಿನ ಹಿಂಗೋಡೆಗೆ ಮೌನೇಶ ಬಡಿಗೇರ ಟೇಪು ಹಿಡಿಯುತ್ತಾರೆ, ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ, ಎಳೆದ ಗೆರೆಯ ಮೇಲಿನ ಧೂಳನ್ನು ಊದುತ್ತಾರೆ. ಆಮೇಲೆ ಗ್ರೈಂಡರ್ ಕಿರುಚತೊಡಗುತ್ತದೆ.

ಈ ಗೋಡೆಯನ್ನು ಕೊರೆಯಕೂಡದೆಂದು ನಿನ್ನೆಯಷ್ಟೇ ಅವರಿಗೆ ಅಪ್ಪಣೆಯಾಗಿದೆ. ಕೊರೆದರೆ ಮುಂದಿನ ಸೈಟಿಗೆ ಬರುವುದು ಬೇಡ ಎಂಬ ಮಾತೂ ಜೊತೆಗೇ ಬಂದಿದೆ. ಬರುವ ತಿಂಗಳು ಅವರ ಕರಾರು ಮುಗಿಯುತ್ತದೆ. ಅದು ಮುಂದುವರಿಯುವುದು ಬಿಡುವುದು ಸೂಪರ್‌ವೈಸರ್ ಟೆರೆನ್ಸ್ ಅವರ ಮಾತಿನ ಮೇಲೆ ನಿಂತಿದೆ. ಐವತ್ತು ದಾಟಿದ ಬಡಿಗನನ್ನು ಬೇರೆ ಯಾವ ಕಂಪನಿಯೂ ಹೊಸದಾಗಿ ಕರೆಸಿಕೊಳ್ಳುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮೌನೇಶ ಕೊರೆಯುತ್ತಾರೆ. "ಬಾಗಲ ಒಂದಾ ಇತ್ತಂದ್ರ ಅದು ಮನಿ ಅಲ್ರಿ, ಡಬ್ಬಿ. ಡಬ್ಬ್ಯಾಗ ಮನುಷ್ಯಾರ್ನ ಇಡಬಾರದು," ಎನ್ನುತ್ತಾರೆ.

ಕ್ಯಾಬಿನ್ನು ಕಾರ್ಖಾನೆಯಿಂದ ಬರುವಾಗಲೇ ಒಂದು ಬಾಗಿಲು, ಒಂದು ಕಿಟಕಿ ಹೊತ್ತು ಬರುತ್ತದೆ. ಅದನ್ನು ಮಟ್ಟವಾಗಿ ಕೂರಿಸಿ, ಒಳಗೆ ಹಲಗೆ ಹೊಡೆದು, ಕೆಲಸಗಾರರ ಮಂಚಗಳಿಗೆ ಜಾಗ ಮಾಡಿಕೊಡುವುದಷ್ಟೇ ಮೌನೇಶರ ಪಾಲಿನ ಕೆಲಸ. ಪಟ್ಟಣದೊಳಗಾದರೆ ತಪಾಸಣೆಯವರು ಬರುತ್ತಾರೆ, ಕಾಗದ ಕೇಳುತ್ತಾರೆ. ಇಷ್ಟು ದೂರದ ತೋಟಕ್ಕೆ ಯಾರ ನಿಯಮ, ಯಾರು ಬಂದು ನೋಡಬೇಕು ಎಂದು ಕೇಳಿದರೆ ಗುತ್ತಿಗೆದಾರರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ನಕ್ಕು ಸುಮ್ಮನಾಗುತ್ತಾರೆ. ಯಾರೂ ಕೇಳುವವರಿಲ್ಲದ ಇಂಥ ಜಾಗಗಳಲ್ಲೇ ಮೌನೇಶ ತಮ್ಮದೊಂದು ನಿಯಮ ಇಟ್ಟುಕೊಂಡಿದ್ದಾರೆ.

ಊರು ಸುರಪುರದ ಕಡೆ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬಾಗಿಲ ಚೌಕಟ್ಟು ಕೂರಿಸಿ ಬದುಕಿದವರು. ಮುಂಬಾಗಿಲು ನಿಲ್ಲಿಸುವ ದಿನ ಮನೆಯವರು ಆರತಿ ಮಾಡಿ, ಬಡಿಗನಿಗೆ ಟವೆಲ್ ಹೊದಿಸಿ, ಎಲೆ ಅಡಿಕೆ ಕೊಡುತ್ತಾರೆ. "ಹಿತ್ತಲ ಬಾಗಲಕ್ಕ ಯಾರೂ ಆರತಿ ಮಾಡಂಗಿಲ್ರಿ. ಆದ್ರ ಅದು ಇಲ್ದ ಮನಿನೂ ನಮ್ಮ ಕಡಿ ಇರಂಗಿಲ್ಲ," ಎಂದು ಮೌನೇಶ ನೆನಪಿಸಿಕೊಳ್ಳುತ್ತಾರೆ. ಇಲ್ಲಿ ಅವರು ಆ ಬಾಗಿಲಿಗೇ ಒಂದು ಚಿಟಿಕೆ ವಿಭೂತಿ ಹಚ್ಚುತ್ತಾರೆ. ಅದನ್ನು ನೋಡಿ ಜೊತೆಯವರು ಗೇಲಿ ಮಾಡುವುದುಂಟು. ಮಾಡಲಿ ಎಂದು ಬಿಟ್ಟಿದ್ದಾರೆ.

ಈ ಹಟದ ಹಿಂದೆ ಒಂದು ಸಾವಿದೆ. ವರ್ಷಗಳ ಹಿಂದೆ, ಈಗ ಮುಚ್ಚಿಹೋಗಿರುವ ಒಂದು ಕಂಪನಿಯ ಕ್ಯಾಬಿನ್ನಿನಲ್ಲಿ ಮೌನೇಶರ ಜೊತೆ ರೋಣದ ಕಡೆಯ ಹಾಲಸಿದ್ದಪ್ಪ ಇದ್ದರು. ರಾತ್ರಿ ಪಾಳಿ ಮುಗಿಸಿ ಎಲ್ಲರೂ ಹಗಲು ಮಲಗಿದ್ದಾಗ ಬಾಗಿಲ ಬಳಿಯ ಒಲೆಯಿಂದ ಬೆಂಕಿ ಹತ್ತಿತು. ಬಾಗಿಲಿಗೆ ಒತ್ತಿದ ಮಂಚದವರು ಹೇಗೋ ಹೊರಕ್ಕೆ ಹಾರಿಕೊಂಡರು, ಅವರಲ್ಲಿ ಮೌನೇಶರೂ ಒಬ್ಬರು. ಕಿಟಕಿಗೆ ಏಸಿ ಕೂರಿಸಿದ್ದರಿಂದ ಅಲ್ಲಿ ಹಾದಿ ಇರಲಿಲ್ಲ. ಹೊಗೆ ಇಳಿದ ಮೇಲೆ ಹಾಲಸಿದ್ದಪ್ಪ ಸಿಕ್ಕಿದ್ದು ಹಿಂಗೋಡೆಯ ಬುಡದಲ್ಲಿ. ಊರಿನ ಮನೆಯಲ್ಲಿ ಹಿತ್ತಲ ಬಾಗಿಲು ಎಲ್ಲಿರುತ್ತದೋ, ಸರಿಯಾಗಿ ಅಲ್ಲಿ.

"ನಿದ್ದಿಗಣ್ಣಾಗ ಊರಾಗ ಅದೀನಿ ಅಂದ್ಕೊಂಡಾನ್ರಿ ಅಂವ. ಕಾಲು ತಾವಾ ಹಿತ್ತಲಕ ಹೋಗ್ಯಾವ," ಎನ್ನುವಾಗ ಮೌನೇಶ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಮರುವರ್ಷ ರಜೆಗೆ ಹೋದವರು ಹಾಲಸಿದ್ದಪ್ಪನ ಹೆಂಡತಿ ನೀಲಕ್ಕನನ್ನು ಕಂಡರು. ಆಕೆ ಅಳಲಿಲ್ಲ, ಪರಿಹಾರದ ಸುದ್ದಿ ಎತ್ತಲಿಲ್ಲ. "ಅಲ್ಲಿ ಹಿತ್ತಲ ಬಾಗಲಾ ಇರಲಿಲ್ಲೇನೋ ಯಣ್ಣಾ?" ಎಂದಷ್ಟೇ ಕೇಳಿದರು. ಜೀವಮಾನವೆಲ್ಲ ಬಾಗಿಲು ಮಾಡಿದ ಮನುಷ್ಯನನ್ನು ಆ ಪ್ರಶ್ನೆ ಈಗಲೂ ಬಿಟ್ಟಿಲ್ಲ.

ಬಿಸಿಲು ಏರುವ ಹೊತ್ತಿಗೆ ಕೊರೆದು ತೆಗೆದ ಗೋಡೆಯ ತುಂಡೇ ಅಂಚು ಕಟ್ಟಿಸಿಕೊಂಡು, ತಿರುಗಣಿ ಪಡೆದು, ಹೊರಕ್ಕೆ ತೆರೆಯುವ ಕದವಾಗಿದೆ. ಇನ್ನು ಉಳಿದದ್ದು ಪರೀಕ್ಷೆ. ಅಲ್ಲಿ ಇರಲು ಬಂದಿರುವ ತೋಟದ ಆಳುಗಳನ್ನು ಒಬ್ಬೊಬ್ಬರಾಗಿ ಮಂಚದ ಮೇಲೆ ಮಲಗಿಸಿ, ಕಣ್ಣಿಗೆ ಟವೆಲ್ ಕಟ್ಟಿ, "ಯಲ್ಲಾ, ಬಾಹರ್ ನಿಕಲೋ" ಎಂದು ಹೊರಗೆ ಹೋಗಲು ಹೇಳುತ್ತಾರೆ ಮೌನೇಶ. ಮೊದಲಿಗೆ ನಗು. ಒಬ್ಬ ಗೋಡೆಗೆ ಹಣೆ ಹೊಡೆದುಕೊಳ್ಳುತ್ತಾನೆ. ಅವನನ್ನು ಕೈಹಿಡಿದು ಕರೆತಂದು ಮತ್ತೆ ಮಲಗಿಸುತ್ತಾರೆ. ಎರಡನೇ ಸಲಕ್ಕೆ ಅವನ ಕೈ ತಾನಾಗಿ ಕದವನ್ನು ತಳ್ಳುತ್ತದೆ. ಆಗ ಯಾರೂ ನಗುವುದಿಲ್ಲ.

ಅಷ್ಟರಲ್ಲಿ ಟೆರೆನ್ಸ್ ಅವರ ಪಿಕಪ್ ಬಂದು ನಿಲ್ಲುತ್ತದೆ. ಮಂಗಳೂರಿನವರು, ಕೆಟ್ಟ ಮನುಷ್ಯರೇನಲ್ಲ. ಮರಳು ಒಳಗೆ ನುಗ್ಗುತ್ತದೆ, ತಂಪು ಸೋರುತ್ತದೆ, ಒಂದು ಮಂಚದ ಜಾಗ ಹೋಗುತ್ತದೆ ಎಂಬ ಅವರ ತಕರಾರುಗಳೂ ಸುಳ್ಳಲ್ಲ. ಕಣ್ಣು ಕಟ್ಟಿಸಿಕೊಂಡವನು ಬಿಸಿಲಿಗೆ ಬಂದು ನಿಲ್ಲುವುದನ್ನು ಅವರು ಪಿಕಪ್ಪಿಗೆ ಒರಗಿ ನೋಡುತ್ತಾರೆ.

"ಡ್ರಾಯಿಂಗಲ್ಲಿ ಒಂದೇ ಬಾಗಿಲು ಇರೋದಲ್ವಾ ಮೌನೇಶ್. ಆಫೀಸಲ್ಲಿ ಕೇಳಿದ್ರೆ ನಾನು ಎಂತ ಹೇಳ್ಬೇಕು?"

ಮೌನೇಶ ಕೈಯ ಧೂಳು ಕೊಡವಿಕೊಳ್ಳುತ್ತಾರೆ. "ಬಡಿಗ್ಯಾ ಅಳತಿ ತಪ್ಪಿ ಕೊರದಾನ ಅಂತ ಬರೀರಿ ಸರ."

ಹೊರಗಿನವರಿಗೆ ಇದು ಸಣ್ಣ ಮಾತಿನಂತೆ ಕೇಳಿಸಬಹುದು. ಬಡಿಗೇರ ಮನೆತನದಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಳತೆ ತಪ್ಪಿದವನು ಎಂಬ ಹೆಸರು ಅವರ ಅಪ್ಪನಿಗೆ ಬಂದಿರಲಿಲ್ಲ, ಇಷ್ಟು ವರ್ಷದಲ್ಲಿ ಅವರಿಗೂ ಬಂದಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿದುಹೋಗಿದೆ.

"ಹಾಗೆ ಬರೆದ್ರೆ ನಿಮ್ಮ ರಿನ್ಯೂವಲ್ ಕಷ್ಟ ಮಾರಾಯ್ರೆ. ಖಲಾಸ್ ಅಂತ ಕಳಿಸಿಬಿಡ್ತಾರೆ."

"ಗೊತ್ತದರಿ."

ಬೇಲಿಯ ಪಕ್ಕದಲ್ಲಿ ಇನ್ನೂ ಮೂರು ಕ್ಯಾಬಿನ್ನುಗಳು ಲಾರಿಯಿಂದ ಇಳಿದ ಹಾಗೆಯೇ ನಿಂತಿವೆ. ಟೆರೆನ್ಸ್ ಅತ್ತ ನೋಡುತ್ತಾರೆ.

"ಆ ಮೂರರಲ್ಲೂ ಅಳತೆ ತಪ್ಪುತ್ತದಾ?"

"ತಪ್ತದರಿ ಸರ," ಎನ್ನುತ್ತಾರೆ ಮೌನೇಶ. "ಮೂರರಾಗೂ ತಪ್ತದ."