ನೀರು ಕಾಣದ ಸ್ಲ್ಯಾಬು

ಇಂಡಿ ಪಟ್ಟಣದಲ್ಲಿ ಮನೆ ಕಟ್ಟಿಸುವವರು ಗುತ್ತಿಗೆದಾರ ನಿಜಾಮುದ್ದೀನನನ್ನೇ ಹುಡುಕಿಕೊಂಡು ಬರಲು ಅವನ ಅನುಮಾನದ ಸ್ವಭಾವವೇ ಕಾರಣ. ಮರಳು ಬಂದರೆ ಮಣ್ಣು ಬೆರೆಸಿದ್ದಾರೇನೋ ಎಂದು ಮುಷ್ಟಿಯಲ್ಲಿ ಹಿಡಿದು ನೋಡುವನು. ಗೋಡೆಗೆ ಮೆತ್ತಿದ ಗಿಲಾವು ಒಣಗಿದ ಮೇಲೆ ಬೈಕಿನ ಚಾವಿಯಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಕೆಡವಿಸುವನು. ಸಿಂದಗಿ, ಮುದ್ದೇಬಿಹಾಳದ ತನಕ ಅವನಿಗೆ ಹೆಸರಿತ್ತು. ಆದರೆ ರಾಜಕೀಯ ಪಕ್ಷವೊಂದರ ತಾಲ್ಲೂಕು ಸಂಘಟಕನಾದ ಮೇಲೆ ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡತೊಡಗಿದ. ಯಾರಾದರೂ ಜೋರಾಗಿ ಜೈಕಾರ ಹಾಕಿದರೆ ಇವನಿಗೇಕೆ ಇಷ್ಟು ಹುರುಪು ಎನ್ನುವನು, ಸುಮ್ಮನೆ ಕೂತರೆ ಇವನ ಹೊಟ್ಟೆಯಲ್ಲಿ ಏನೋ ಇದೆ ಎನ್ನುವನು.

"ಚಾದಾಗ ಸಕ್ರಿ ಹೆಚ್ಚಾದ್ರೂ ಇದರಾಗ ಏನೋ ಮಸಲತ್ತ ಐತಿ ಅಂತೀರಿ ನೀವು" ಎಂದು ಹೆಂಡತಿ ಸುಲ್ತಾನಬಿ ಛೇಡಿಸುತ್ತಿದ್ದಳು.

ಅವನು ಅನುಮಾನಿಸದೆ ಬಿಟ್ಟಿದ್ದು ಮೇಸ್ತ್ರಿ ಸಂಗಣ್ಣನೊಬ್ಬನನ್ನೇ. ಮೀಸೆ ಮೂಡುವ ಮೊದಲೇ ಇಬ್ಬರೂ ಒಂದೇ ಗಾರೆ ಬುಟ್ಟಿಗೆ ಕೈ ಹಚ್ಚಿದವರು. ಚುನಾವಣೆ ಬಂದರೆ ಮತಗಟ್ಟೆಯಲ್ಲಿ ಪಕ್ಷದ ಏಜೆಂಟನಾಗಿ ಕೂರುವವನೂ ಸಂಗಣ್ಣನೇ.

ಈ ಸಲದ ಪುರಸಭೆ ಚುನಾವಣೆಯ ಹೊತ್ತಿಗೆ ಆ ನಂಬಿಕೆಗೂ ಹುಳು ಬಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಸಂಗಣ್ಣ ಚಹಾಕ್ಕೂ ನಿಲ್ಲದೆ ಹೋಗುತ್ತಿದ್ದ. ಎದುರು ಪಕ್ಷದಿಂದ ನಿಂತ ಮಾಳಿಂಗನ ಮನೆ ಮುಂದೆ ಅವನ ಸೈಕಲ್ ಕಂಡೆನೆಂದು ಪಕ್ಷದ ಬ್ಯಾನರು ಕಟ್ಟುವ ಭೀಮು ಕಿವಿಯೂದಿದ. ಆ ಮನೆ ಕಟ್ಟಿದ್ದು ಇದೇ ನಿಜಾಮುದ್ದೀನ, ಹೋದ ಬೇಸಿಗೆಯಲ್ಲಿ. ಮಾಳಿಂಗ ಆಗಿನ್ನೂ ರಾಜಕೀಯಕ್ಕೆ ಇಳಿದಿರಲಿಲ್ಲ.

"ದಿನಾ ಎಲ್ಲಿಗಪಾ?" ಎಂದು ಕೇಳಿದರೆ ಸಂಗಣ್ಣ, "ಸಣ್ಣ ಕೆಲಸ ಐತ್ರಿ" ಎಂದು ಮುಖ ತಿರುಗಿಸಿದ.

ಪಕ್ಷದ ಕಚೇರಿಯಲ್ಲಿ ಎಲ್ಲರೆದುರು ನಿಜಾಮುದ್ದೀನ, "ಈ ಸಲ ಏಜೆಂಟ ಆಗಿ ಭೀಮು ಕೂಡ್ತಾನ. ಎರಡು ಮನಿ ಉಣ್ಣಾವರು ನಮಗ ಬ್ಯಾಡ" ಎಂದ. ಸಂಗಣ್ಣ ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ತಪ್ಪಿಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ ಎಂದು ನಿಜಾಮುದ್ದೀನನ ಅನುಮಾನ ಗಟ್ಟಿಯಾಯಿತು.

ಮರುದಿನ ಸಂಜೆ, ಕಳ್ಳನನ್ನು ಕೈಯಾರೆ ಹಿಡಿಯಬೇಕೆಂದು ಮಾಳಿಂಗನ ಮನೆಗೇ ಹೋಗಿ ಹೊರಗಿನ ಮೆಟ್ಟಿಲು ಹತ್ತಿದ. ಮಾಳಿಗೆಯ ಮೇಲೆ ಸಂಗಣ್ಣ ಮೊಣಕಾಲೂರಿ ಬಿರುಕುಗಳಿಗೆ ಸಿಮೆಂಟು ತುಂಬುತ್ತಿದ್ದ. ಬಿರುಕುಗಳು ಮೂಲೆಯಿಂದ ಮೂಲೆಗೆ ಹರಡಿದ್ದವು.

"ಮಳಿ ಬಂದ್ರ ಸೋರಾಕತ್ತೈತ್ರಿ," ಎಂದ ಸಂಗಣ್ಣ, ತಲೆ ಎತ್ತದೆ. "ಹೊಸ ಸ್ಲ್ಯಾಬಿಗೆ ನೀರ ನಿಲ್ಲಿಸೂ ಆಳನ್ನ, ಮಂದಿ ಕಡಿಮಿ ಬಿದ್ದಾರ ಅಂತ ನೀವ ಬಾಗೇವಾಡಿಯ ಪಕ್ಷದ ಸಭಾಕ ಕರಕೊಂಡು ಹೋದ್ರಿ. ಸುಡೂ ಬಿಸಲಾಗ ಒಣಗಿ ಸೀಳಿ ಬಿಟ್ಟೈತಿ. ಇದನ್ನ ಭಾಷಣದಾಗ ತಗೀತೇನಿ ಅಂದಿದ್ದ ಮಾಳಿಂಗ. ರಿಪೇರಿ ಮಾಡಿಕೊಡ್ತೇನಿ, ಸುಮ್ಮನಿರಪಾ ಅಂತ ಕೈ ಮುಗದೇನಿ."

"ನನಗ ಹೇಳಬಾರದೇನು?"

"ಹೇಳಿದ್ರ, ಮಾಳಿಂಗನ ಮಾತ ಕಟಗೊಂಡು ಬಂದಾನ ಅಂತಿದ್ರಿ."

ನಿಜಾಮುದ್ದೀನನಿಗೆ ನಾಚಿಕೆಯಾಯಿತು. ಹಾಗೇ ಅನ್ನುತ್ತಿದ್ದೆನೆಂಬುದು ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ತಪ್ಪಾತು ಸಂಗಣ್ಣ. ಏಜೆಂಟ ನೀನ ಕೂಡು" ಎಂದ.

"ಬ್ಯಾಡ್ರಿ. ಮಂದಿ ಮುಂದ ಅಂದಿದ್ದು ಅಂದಂಗ ಆತು."

ಮತದಾನದ ದಿನ ಸಂಗಣ್ಣ ಎಲ್ಲರಂತೆ ಸಾಲಿನಲ್ಲಿ ನಿಂತು ಮತ ಹಾಕಿ ಹೊರಬಂದ. ಹೊರಗೆ ನಿಂತಿದ್ದ ನಿಜಾಮುದ್ದೀನನಿಗೆ "ಬರ್ತೇನ್ರಿ" ಎಂದಷ್ಟೇ ಹೇಳಿ ಸೈಕಲ್ ಹತ್ತಿದ. ಯಾವ ಗುಂಡಿ ಒತ್ತಿದನೋ ಎಂದು ನಿಜಾಮುದ್ದೀನನ ಮನಸ್ಸು ಕೇಳಿತು. ತನ್ನ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು. ಆದರೂ ಸಂಗಣ್ಣ ಮರೆಯಾಗುವ ತನಕ, ಮಾಳಿಂಗನ ಮನೆಯ ಕಡೆ ಹೊರಳುತ್ತಾನೋ ಏನೋ ಎಂದು ನೋಡುತ್ತಲೇ ನಿಂತಿದ್ದ.