ಚಪ್ಪಾಳೆಯ ಕೆಳಗಿನ ದನಿ

ನಮ್ಮ ಮನೆಯವರ ಮುಖದಲ್ಲಿ ಹನಿ ರಕ್ತವಿಲ್ಲದ್ದನ್ನು ನಾನು ನೋಡಿದ್ದು ಆ ಮಧ್ಯಾಹ್ನವೇ ಮೊದಲು. ಕೋಣೆಯ ಬಾಗಿಲಲ್ಲಿ ಹೆಡ್‌ಫೋನು ಹಿಡಿದು ನಿಂತಿದ್ದರು.

"ಹೊಲಿಗೆ ನಿಲ್ಸು. ಬಾ ಇಲ್ಲಿ."

ಹೊಲಿಗೆ ನಿಲ್ಲಿಸು ಎನ್ನುವುದು ನಮ್ಮಲ್ಲಿ ಹೊಸ ಮಾತೇನಲ್ಲ. ಸಂಗೀತ ಕಾರ್ಯಕ್ರಮಗಳನ್ನು ನಡೆಯುವಲ್ಲೇ ರೆಕಾರ್ಡ್ ಮಾಡಿ, ಮನೆಗೆ ತಂದು, ಕಿಟಕಿಗೆ ಹಳೇ ಕಂಬಳಿ ಹೊಡೆದ ಪುಟ್ಟ ಕೋಣೆಯಲ್ಲಿ ಕೂತು ಅದನ್ನು ಶುದ್ಧ ಮಾಡುವುದು ಇವರ ಕಸುಬು. ಆಗ ಫ್ಯಾನು ತಿರುಗಬಾರದು, ಫ್ರಿಜ್ಜು ಗುಂಯ್ ಎನ್ನಬಾರದು, ನನ್ನ ಹೊಲಿಗೆ ಯಂತ್ರವಂತೂ ಉಸಿರೆತ್ತಬಾರದು. ಮೂರನೇ ಸಾಲಿನವರ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಯಾರದೋ ಬೀಗದ ಕೈ ಬಿದ್ದದ್ದು, ಎಲ್ಲವನ್ನೂ ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿ ತೆಗೆಯುತ್ತಾರೆ. ಊರಿನ ಸದ್ದೆಲ್ಲ ಕೇಳುವ ಈ ಕಿವಿಗೆ, ಅಕ್ಕಿ ಮುಗಿದಿದೆ ಎಂದು ನಾನು ಹೇಳಿದ್ದು ಮಾತ್ರ ಕೇಳಿಸುವುದಿಲ್ಲ.

ಆದರೂ ಕೆಲಸದಲ್ಲಿ ಇವರನ್ನು ಯಾರೂ ಬೆರಳೆತ್ತಿ ತೋರಿಸುವಂತಿಲ್ಲ. ಒಂದೊಂದು ವಾದ್ಯಕ್ಕೂ ಒಂದೊಂದು ಮೈಕು ಇಡುತ್ತಾರೆ. ಅದಲ್ಲದೆ ಸಭಿಕರ ಕಡೆ ಮುಖ ಮಾಡಿದ ಎರಡು ಮೈಕು ಬೇರೆ, ನಡೆಯುವ ದಾರಿಯ ಎಡಕ್ಕೊಂದು, ಬಲಕ್ಕೊಂದು. "ಕೂತು ಕೇಳೋರ ಉಸಿರು ಇಲ್ದಿದ್ರೆ ಅದು ಉಪ್ಪಿಲ್ಲದ ಸಾರು ಕಣೇ" ಎನ್ನುತ್ತಾರೆ. ಅಂಥ ಎಡಗಡೆಯ ಮೈಕಿನಲ್ಲೇ ಆ ದನಿ ಸಿಕ್ಕಿದ್ದು.

ನಾನು ಹೆಡ್‌ಫೋನು ಹಾಕಿಕೊಂಡೆ. ಹಿಂದಿನ ದಿನದ ಕಾರ್ಯಕ್ರಮ. ಗಾಯಕಿಯ ಕೊನೆಯ ಹಾಡು ಮುಗಿಯಿತು. ಚಪ್ಪಾಳೆ ಎದ್ದಿತು, ಕುರ್ಚಿಗಳು ಸರಿದವು. ಅದರ ನಡುವೆ ಹೆಜ್ಜೆ ಸದ್ದೊಂದು ಹತ್ತಿರ ಬಂದು ನಿಂತಿತು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಒಂದು ಗಂಡು ದನಿ, ನನ್ನ ಕಿವಿಯ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ನಾನು ಬೆಚ್ಚಿ ತಿರುಗಿ ನೋಡಿದೆ.

"ಗುಬ್ಬೀ, ನಾನು ಕಣೋ. ಸೌಂಡು ಚೆನ್ನಾಗಿ ಕೂತಿದೆ." ಸ್ವಲ್ಪ ಹೊತ್ತು ಬರೀ ಚಪ್ಪಾಳೆ. "ಅಮ್ಮ ಇದ್ದಾಳೇನೋ?"

ಅಷ್ಟೇ. ಹೆಜ್ಜೆಗಳು ದೂರ ಹೋದವು.

"ಯಾರ್ರೀ ಇದು?"

"ಅಣ್ಣ," ಎಂದರು. "ನನ್ನನ್ನ ಗುಬ್ಬಿ ಅಂತಿದ್ದದ್ದು ಅವನೊಬ್ನೇ."

ಈ ಭಾವನನ್ನು ನಾನು ಕಂಡವಳಲ್ಲ. ನಾನು ಸೊಸೆಯಾಗಿ ಬರುವ ಮೊದಲೇ ಆತ ಮನೆ ಬಿಟ್ಟಾಗಿತ್ತು. ತೀರಿಹೋದ ಅಪ್ಪನ ಪಿಟೀಲನ್ನು ಯಾರಿಗೂ ಹೇಳದೆ ಮಾರಿ ರೆಕಾರ್ಡು ಮಾಡುವ ಯಂತ್ರ ತಂದನಂತೆ. ನಮ್ಮತ್ತೆ, "ಇನ್ನು ನನ್ನ ಪಾಲಿಗೆ ನೀನು ಸತ್ತೆ" ಎಂದರಂತೆ. ಯಂತ್ರವನ್ನು ತಮ್ಮನ ಹಾಸಿಗೆಯ ಮೇಲಿಟ್ಟು ಹೋದವನು ತಿರುಗಿ ಬರಲಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅತ್ತೆ ಅಂದಿನಿಂದ ಅವನ ಹೆಸರೆತ್ತಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಾರೆ.

"ನೀವು ಅಲ್ಲೇ ಇದ್ರಲ್ಲ?" ಎಂದೆ. ಕೇಳಬಾರದಿತ್ತು.

ಇವರು ಅಲ್ಲೇ ಇದ್ದರು. ಹತ್ತು ಹೆಜ್ಜೆ ದೂರದಲ್ಲಿ. ಆದರೆ ಚಪ್ಪಾಳೆ ಎದ್ದ ಕೂಡಲೇ ಇವರು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಬಿಡುತ್ತಾರೆ. ಆ ಸದ್ದು ಕಿವಿಗೆ ಬಡಿಯುತ್ತದೆ, ಕಿವಿ ಹೋದರೆ ಅನ್ನ ಹೋಯಿತು. ಮೈಕಿಗೆ ಹೇಳಿದರೆ ತಮ್ಮನ ಕಿವಿಗೆ ಬೀಳುತ್ತದೆಂದು ಅಣ್ಣ ಬಂದು ಕೇಳಿದ ಆ ಗಳಿಗೆಯಲ್ಲಿ ಈ ತಮ್ಮ ತಲೆ ತಗ್ಗಿಸಿ ವಯರು ಸುತ್ತುತ್ತಿದ್ದ.

"ಮುಂದೆ ಬಂದು ಕೇಳ್ಬೋದಿತ್ತಲ್ರೀ!"

"ಅಮ್ಮ ಇಲ್ಲ ಅಂತ ನಾನು ಅಂದ್ಬಿಟ್ರೆ ಅಂತ ಹೆದರಿರ್ತಾನೆ," ಎಂದು ಗೋಡೆಗೆ ಒರಗಿದರು.

ಸಭಾಂಗಣಕ್ಕೆ ಫೋನು ಮಾಡಿದೆವು. ಬಾಗಿಲಲ್ಲಿ ಟಿಕೆಟು ಹರಿದು ಒಳಗೆ ಬಿಡುವವನು, "ಅಷ್ಟು ಜನರಲ್ಲಿ ಯಾರ ಮುಖ ನೋಡ್ಲಿ ಸ್ವಾಮಿ?" ಎಂದ. ಅತ್ತೆಗೆ ಹೇಳುವುದು ಬೇಡ, ಅವರ ಎದೆ ಮೊದಲೇ ವೀಕು ಎಂದು ನಾನು ಪಿಸುಗುಟ್ಟುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ.

"ಏನ್ರೋ ಅದು ಗುಸುಗುಸು?"

ಇವರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಬಿಳಿ ಕೂದಲ ಮೇಲೆ ಹೆಡ್‌ಫೋನು ಇಟ್ಟರು. ಬಿದ್ದರೆ ಹಿಡಿಯೋಣವೆಂದು ನಾನು ಕಾಲ ಬಳಿ ಕೂತೆ. ಅತ್ತೆ ಬೀಳಲಿಲ್ಲ. ಅವರ ಬಾಯಿ ಮಾತ್ರ ತೆರೆದುಕೊಂಡು ಹಾಗೇ ಉಳಿಯಿತು. "ಇನ್ನೊಂದ್ಸಲ," ಎಂದರು. ಹಾಕಿದರು. "ಇನ್ನೊಂದ್ಸಲ." ಮೂರನೇ ಸಲ ಆ ಪ್ರಶ್ನೆ ಬಂದಾಗ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ, ಮನೆ ಹಾರಿಹೋಗುವಷ್ಟು ಜೋರಾಗಿ ಕೂಗಿದರು:

"ಇದೀನಿ ಕಣೋ! ಇದೀನಿ!"

ಅತ್ತೆ ಇವರ ಕಡೆ ತಿರುಗಿದರು. "ಕೇಳಿಸ್ತೇನೋ ಅವ್ನಿಗೆ?"

"ಇಲ್ಲಮ್ಮ. ಇದು ನಿನ್ನೆಯದು."

"ಯಾರ್ಯಾರದೋ ಕೆಮ್ಮೆಲ್ಲ ಕೇಳುತ್ತೆ ನಿಂಗೆ. ಒಡಹುಟ್ಟಿದವನು ಪಕ್ಕಕ್ಕೆ ಬಂದು ಕರೆದ್ರೆ ಕೇಳಿಸ್ಲಿಲ್ವಾ?"

ಇವರು ಮಗುವಿನಂತೆ ಅತ್ತರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅದನ್ನೂ ನೋಡಿರಲಿಲ್ಲ.

ಆಮೇಲೆ ಎದ್ದು, ದೊಡ್ಡ ಗಾಯಕರಿಗೆಂದು ಬಟ್ಟೆಯಲ್ಲಿ ಸುತ್ತಿಟ್ಟ ಮೈಕನ್ನು ತೆಗೆದು ಅಮ್ಮನ ಮುಂದೆ ನಿಲ್ಲಿಸಿದರು. "ಹೇಳಮ್ಮ. ಹಾಡು ಮುಗಿದ ಮೇಲೆ, ಅವನ ಮಾತಿನ ಹಿಂದೆಯೇ ಸೇರಿಸ್ತೀನಿ. ಕೇಳೋಕೆ ಬಂದವನು ಈ ರೆಕಾರ್ಡನ್ನೂ ತರಿಸಿ ಕೇಳ್ತಾನೆ."

ಅತ್ತೆ ಮೈಕಿನ ಹತ್ತಿರಕ್ಕೆ ಬಾಗಿದರು. ಆಮೇಲೆ ಹಿರಿಯ ಮಗನ ಹೆಸರು ಹಿಡಿದು ಕರೆದರು. "ಇದೀನಿ. ಆವತ್ತು ನಾನು ಅಂದಿದ್ದು ಸುಳ್ಳು ಕಣೋ. ಬಾ."

ರೆಕಾರ್ಡು ಕೈಸೇರಿದ ದಿನ ಸಂಘಟಕರು ಫೋನಿನಲ್ಲೇ ಕೂಗಾಡಿದರು. "ಕೊನೇಲಿ ಯಾವುದೋ ಮುದುಕಿ ಮಾತಾಡ್ತಾಳಲ್ರೀ! ನೀವು ಇಂಥ ತಪ್ಪು ಮಾಡೋದಾ?"

"ತಪ್ಪಲ್ಲ, ನಮ್ಮಮ್ಮ," ಎಂದರು ಇವರು. "ಬೇಕಾದ್ರೆ ನನ್ನ ಹೆಸರು ತೆಗೀರಿ. ಅದನ್ನ ಮುಟ್ಬೇಡಿ." ನಂತರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಅಮ್ಮನ ದನಿಯನ್ನು ಸಂಘಟಕರು ಮುಟ್ಟಲಿಲ್ಲ. ಕಾರ್ಯಕ್ರಮ ಈಗ ಜನರ ಕೈಯಲ್ಲಿದೆ. ಚೆನ್ನಾಗಿ ಬಂದಿದೆ ಎನ್ನುತ್ತಾರೆ. ಭಾವ ಇನ್ನೂ ಬಂದಿಲ್ಲ. ಬೆಳಗ್ಗೆ ಎದ್ದರೆ ಅತ್ತೆ ಇವರನ್ನು ಕೇಳುವುದು ಒಂದೇ ಮಾತು:

"ಚಪ್ಪಾಳೆ ಬಂತು ಅಂತ ಕೇಳೋದನ್ನ ಅಲ್ಲಿಗೇ ನಿಲ್ಲಿಸಿಬಿಟ್ಟಿರ್ತಾನೇನೋ?"