ಸೊನ್ನೆ ಹಾಕದ ಶರಾವತಮ್ಮ

"ಇಂಚಲ್ಲೇ ಹೇಳಿ ಮುಕುಂದಯ್ನೋರೇ, ಪರವಾಗಿಲ್ಲ. ಆದ್ರೆ ಯಾವಾಗಿಂದ ಯಾವಾಗಿನವರೆಗೆ ಬಿದ್ದ ಮಳೆ ಅಂತ ಹೇಳಿ! ನಿನ್ನೆ ಬೆಳಿಗ್ಗೆಯಿಂದ್ಲಾ, ಸಂಜೆಯಿಂದ್ಲಾ?"

ತೀರ್ಥಹಳ್ಳಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶರಾವತಮ್ಮ ಟೆಲಿಫೋನಿಗೆ ಬಾಯಿ ಹಚ್ಚಿ ಕೂಗುತ್ತಿದ್ದಾರೆ. ಆ ತುದಿಯಲ್ಲಿರುವವರು ನಗರ ಎಂಬ ಊರಿನ ಅಂಚೆ ಮಾಸ್ತರು. ಮಳೆಗಾಲ ಮುಗಿಯುವ ತನಕ ಈಕೆಯ ದಿನ ಶುರುವಾಗುವುದು ಹೀಗೆ, ಯಾರ ಜೊತೆಗಾದರೂ ಒಂದು ಸಣ್ಣ ಜಗಳದಿಂದ. ಹೊಳೆ ಏರುವ ಸುದ್ದಿ ಮುಟ್ಟಿಸಲು ಸರ್ಕಾರ ಇಟ್ಟಿರುವ ಒಂದೇ ಕೋಣೆಯ ಕಚೇರಿ ಇದು. ಊರವರ ಬಾಯಲ್ಲಿ 'ಮಳೆ ಆಫೀಸು'.

ಕೆಲಸ ಕೇಳಲು ಸುಲಭ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಮಳೆ ಲೆಕ್ಕ ಇಲ್ಲಿಗೆ ಬರಬೇಕು, ಇಲ್ಲಿಂದ ವೈರ್‌ಲೆಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಆದರೆ ಬರುವುದು ಒಂದೊಂದು ಕಡೆಯಿಂದ ಒಂದೊಂದು ಅವತಾರದಲ್ಲಿ! ನಗರದವರದು ಇಂಚು. ಮಂಡಗದ್ದೆಯವರದು ಮಿಲಿಮೀಟರ್. ವರದಮೂಲದ ಭಟ್ಟರಂತೂ "ಮಳೆ ಅಳೆಯೋ ಡಬ್ಬಿ ಎರಡು ಸಲ ತುಂಬಿ ಚೆಲ್ಲಿದೆ ತಾಯಿ" ಅಂದುಬಿಡುತ್ತಾರೆ. ಕಳಿಸುವಾಗ ಮಾತ್ರ ಎಲ್ಲವೂ ಐದೈದು ಅಂಕಿಯ ಒಂದೇ ಅಚ್ಚಿಗೆ ಇಳಿಯಬೇಕು. ಮೊದಲ ಅಂಕಿ ಊರು, ಆಮೇಲಿನ ಮೂರು ಮಳೆ, ಕೊನೆಯದು ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಒಂದು ಅಂಕಿ ಪಕ್ಕದ ಜಾಗಕ್ಕೆ ಜಾರಿದರೆ ಬೇರೆ ಹೊಳೆಗೆ ಹೋಗುವ ಸಾಗರದ ಮಳೆ ತುಂಗೆಗೆ ಬಿದ್ದಂತೆ. ಶರಾವತಮ್ಮ ಬರೆದದ್ದನ್ನು ವೈರ್‌ಲೆಸ್ ಆಪರೇಟರ್ ಉಮಾಪತಿ ಓದಿ ಹೇಳುತ್ತಾರೆ.

ಶರಾವತಮ್ಮ ಹೊಸನಗರದ ಕಡೆಯ ಹೆಣ್ಣುಮಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಎಪ್ಪತ್ಮೂರರಲ್ಲಿ 'ಮಳೆಗಾಲಕ್ಕೆ ಮಾತ್ರ' ಎಂದು ಸೇರಿದವರು. ದೀಪಾವಳಿ ಹೊತ್ತಿಗೆ ಮನೆಗೆ ಕಳಿಸುವುದು, ಮುಂಗಾರಿಗೆ ಮತ್ತೆ ಕರೆಯುವುದು, ಹನ್ನೊಂದು ವರ್ಷ ಇದೇ ಪಾಡು. ಬಾಣಂತನ ಮುಗಿಸಿಕೊಂಡು ಬಂದರೆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರಂತೆ. "ಪಾಪ, ಅವ್ನು ಆ ಮಳೆಗಾಲ ಮುಗಿಯೋದ್ರೊಳಗೇ ಓಡಿಹೋದ. ಬೆಳಿಗ್ಗೆ ಎದ್ದು ಬೈಸ್ಕೊಳ್ಳೋ ಕೆಲ್ಸ ಯಾರಿಗೆ ಬೇಕು ಹೇಳಿ?" ಎಂದು ನಗುತ್ತಾರೆ. ನೌಕರಿ ಕಾಯಂ ಆದದ್ದು ಮೊನ್ನೆ ಮೊನ್ನೆ, ಎಂಬತ್ನಾಲ್ಕರಲ್ಲಿ.

ಇನ್ನು ಈ ಸೊನ್ನೆಯ ಕಥೆ. ಘಟ್ಟದ ತುದಿಯಲ್ಲೊಂದು ಮಳೆ ಕೇಂದ್ರವಿದೆ. ಗಾಳಿಗೆ ಮರ ಬಿದ್ದು ತಂತಿ ಕಡಿದರೆ ಅಲ್ಲಿಂದ ಸುದ್ದಿ ಬರುವುದಿಲ್ಲ. ಅಚ್ಚಿನಲ್ಲಿ ಜಾಗ ಖಾಲಿ ಬಿಡುವಂತಿಲ್ಲ, ಹಾಗಾಗಿ ಬಾರದ ಊರಿಗೆ ಮೂರು ಸೊನ್ನೆ ತುಂಬಿ ಕಳಿಸುವುದು ಮೊದಲಿನಿಂದ ನಡೆದುಬಂದ ರೂಢಿ. ಜಿಲ್ಲಾ ಕೇಂದ್ರದವರು ಎಲ್ಲ ಕೂಡಿಸಿ, ಮೊತ್ತ ಜಾಸ್ತಿಯಾದರೆ ಮಂಡಗದ್ದೆಯ ತಗ್ಗಿನಲ್ಲಿರುವ ಮನೆಗಳಿಗೆ ಗುಡ್ಡ ಹತ್ತಿ ಎಂದು ಹೇಳಿಕಳಿಸುತ್ತಾರೆ. ಅತಿ ಹೆಚ್ಚು ಮಳೆ ಸುರಿಯುವ ಊರಿಗೇ ಸೊನ್ನೆ ಹಾಕಿದರೆ ಮೊತ್ತ ಎಲ್ಲಿಂದ ಜಾಸ್ತಿಯಾಗಬೇಕು?

"ಸೊನ್ನೆ ಅಂದ್ರೆ ಮಳೆ ಬಿದ್ದಿಲ್ಲ ಅಂತ. ನಂಗೆ ಗೊತ್ತಿಲ್ಲ ಅನ್ನೋದು ಬೇರೆ ಅಲ್ವಾ? ಗೊತ್ತಿಲ್ದೇ ಇರೋದನ್ನ ಗೊತ್ತಿದೆ ಅಂತ ಹ್ಯಾಂಗೆ ಬರೀಲಿ?" ಎನ್ನುತ್ತಾರೆ ಶರಾವತಮ್ಮ.

ಎಂಬತ್ತೈದರ ಜುಲೈನಲ್ಲಿ ಘಟ್ಟದ ಸುದ್ದಿ ಬರದ ಒಂದು ದಿನ, ಅವರು ಆ ಜಾಗದಲ್ಲಿ ಸೊನ್ನೆಯ ಬದಲು, ಲೆಕ್ಕ 'ಬಂದಿಲ್ಲ' ಎಂದು ಹೇಳಿಸಿದರು. ಗೊತ್ತಿಲ್ಲ ಎಂದ ಮೇಲೆ ಆ ಕಡೆಯವರೂ ಸುಮ್ಮನೆ ಕೂರುವಂತಿಲ್ಲ. ತಗ್ಗಿನವರಿಗೆ ಕರೆ ಹೋಯಿತು. ಜನ ದನಕರು ಹೊಡೆದುಕೊಂಡು, ಮಕ್ಕಳನ್ನೆತ್ತಿಕೊಂಡು, ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಿದರು. ಹೊಳೆ ಏರಲೇ ಇಲ್ಲ!

ಮರುದಿನ ಮೊದಲ ಬಸ್ಸಿಗೇ ತಗ್ಗಿನ ಮನೆಯ ಹಾಲಮ್ಮ ಬಂದಿಳಿದರು. "ಯಾರೇ ಅದು ಗುಡ್ಡ ಹತ್ತಿಸಿದವ್ಳು? ನನ್ ಗಬ್ಬದ ಎಮ್ಮೆ ಜಾರಿ ಬಿತ್ತಲ್ಲೇ! ನಿನ್ ಕೈ ಸೇದೋಗ!" ಬೈಗುಳ ಪೇಟೆಯವರೆಗೂ ಕೇಳಿಸಿತಂತೆ. ಮೇಲಿನವರಿಂದಲೂ ಮಾತು ಬಂತು. ಶರಾವತಮ್ಮ ಅಂದು ಊಟ ಮಾಡಲಿಲ್ಲ. "ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ? ಎಮ್ಮೆಗೆ ಏನಾರ ಆಗಿದ್ರೆ ಅಂತ ಅದೇ ಯೋಚ್ನೆ."

ಅದೇ ತಿಂಗಳ ಕೊನೆಗೆ ಘಟ್ಟ ಮತ್ತೆ ಮೌನ. ಉಮಾಪತಿ ಕೈ ಮುಗಿದರಂತೆ. "ಶರಾವತಕ್ಕ, ನಿಮ್ ದಮ್ಮಯ್ಯ, ಈ ಸಲ ಸೊನ್ನೆ ಹಾಕ್ಬಿಡಿ. ಇನ್ನೊಂದ್ಸಲ ಸುಮ್ನೆ ಎಬ್ಸಿದ್ರೆ ನಮ್ಮಿಬ್ರನ್ನೂ ಉಳಿಸಲ್ಲ." ಕಾಯಂ ಆಗಿ ಆಗ ವರ್ಷವಷ್ಟೇ ಆಗಿತ್ತು. ಆದರೂ ಆಕೆ ಬರೆದದ್ದು 'ಬಂದಿಲ್ಲ' ಎಂದೇ.

ಕರೆ ಹೋಯಿತು. ತಗ್ಗಿನವರು ಶಾಪ ಹಾಕುತ್ತಲೇ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ತುಂಗೆ ದಡ ಮೀರಿ ಒಳಗೆ ನುಗ್ಗಿದಳು. ಹಾಲಮ್ಮನ ಕೊಟ್ಟಿಗೆ ಬುಡಸಮೇತ ಹೋಯಿತು. ಕೊಟ್ಟಿಗೆಯಲ್ಲಿ ಎಮ್ಮೆಯೂ ಇರಲಿಲ್ಲ, ಅದರ ಮುಂದೆ ಚಾಪೆ ಹಾಸಿ ಮಲಗುತ್ತಿದ್ದ ಹಾಲಮ್ಮನ ಮುದಿ ಅತ್ತೆಯೂ ಇರಲಿಲ್ಲ. ಇಬ್ಬರೂ ಗುಡ್ಡದ ಮೇಲಿದ್ದರು. ಇದನ್ನು ಬರೆಯುವಾಗ ನನಗಂತೂ ಎದೆ ಉಬ್ಬುತ್ತದೆ. ಪೇಟೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಶರಾವತಮ್ಮ ಯಾರೆಂದು ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ!

ನೀರಿಳಿದ ಮೇಲೆ ಹಾಲಮ್ಮ ಮತ್ತೆ ಬಸ್ಸು ಹತ್ತಿ ಬಂದರು, ಗಿಣ್ಣು ಹಾಲಿನ ತಂಬಿಗೆ ಹಿಡಿದುಕೊಂಡು. ಥ್ಯಾಂಕ್ಸು ಗೀಂಕ್ಸು ಎಲ್ಲ ಆಕೆಗೆ ಬಾರದು. "ನೋಡು ಮಾರಾಯ್ತಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ್ಲೇ ಹೇಳು. ಬೈಯೋದು ನಾನು ಬೈತೀನಿ, ಅದನ್ನ ಬಿಡಕಾಗಲ್ಲ" ಎಂದು ತಂಬಿಗೆ ಇಟ್ಟು ಹೊರಟರು. ಅಂದಿನಿಂದ 'ಬಂದಿಲ್ಲ' ಎನ್ನುವುದೇ ಈ ಕೋಣೆಯ ರೂಢಿ. ಮೇಲಿನವರೂ ಒಪ್ಪಿದ್ದಾರೆ.

ಈ ವರ್ಷ, ಎಂಬತ್ತೇಳರಲ್ಲಿ, ಜಿಲ್ಲಾ ಕೇಂದ್ರಕ್ಕೆ ಕಂಪ್ಯೂಟರ್ ಬರುತ್ತದೆಯಂತೆ. ಅದಕ್ಕೆ ಲೆಕ್ಕ ಕಲಿಸುವ ಎಂಜಿನಿಯರರು ಬಂದು, ಯಾವ ಅಂಕಿ ಎಲ್ಲಿ ಕೂರಬೇಕೆಂದು ಈಕೆಯ ಪಕ್ಕ ಕೂತು ಕೇಳಿಕೊಂಡು ಹೋಗಿದ್ದಾರೆ. ನಿಮಗೇನು ಬೇಕಮ್ಮ ಎಂದೂ ಕೇಳಿದರಂತೆ. ಬಡ್ತಿ ಕೇಳಬಹುದಿತ್ತು, ವರ್ಗ ಕೇಳಬಹುದಿತ್ತು.

"ನಾ ಕೇಳಿದ್ದು ಒಂದೇ. ನಿಮ್ ಮಿಷನ್ನಿಗೂ 'ಗೊತ್ತಿಲ್ಲ' ಅನ್ನೋಕೆ ಒಂದು ಜಾಗ ಇಡಿ ಅಂದೆ. ತಗ್ಗಿನವ್ರು ಅದನ್ನೂ ಬೈತಾರೆ, ಬೈಲಿ. ಬೈಕೊಂಡೇ ಹತ್ತುತಾರೆ."